ನಿಮಗಿದು ಗೊತ್ತೇ? ಮೈಕ್‌ಗೆ ಕೋಣೆಯೂ ಕೇಳಿಸುತ್ತದೆ!

ಮಂಗಳೂರಿನ ಬಿಜೈಯ ಫ್ಲ್ಯಾಟೊಂದರಲ್ಲಿ ಕುಳಿತು ಕೊಂಕಣಿ ಹಾಡೋ ತುಳು ಭಕ್ತಿಗೀತೆಯೋ ರೆಕಾರ್ಡ್ ಮಾಡಿದರೆ ಮೈಕ್ ಹಿಡಿಯುವುದು ಬರೀ ಕಂಠವನ್ನಲ್ಲ. ನೆಲ, ಗಾಜಿನ ಕಿಟಕಿ, ಕಾಂಕ್ರೀಟ್ ಗೋಡೆಗೆ ಬಡಿದು ಮರಳುವ ದನಿಯೂ ಅದರಲ್ಲಿ ಬೆರೆತಿರುತ್ತದೆ. ನೆಲದ ಟೈಲ್ಸ್ ಹೀರಿಕೊಳ್ಳುವುದು ತನಗೆ ತಾಗಿದ ಸದ್ದಿನ ಶೇ. 1–2ರಷ್ಟನ್ನು ಮಾತ್ರ, ಉಳಿದದ್ದೆಲ್ಲ ವಾಪಸ್. ಆಮೇಲೆ ಎಷ್ಟು ಬೆಲೆಯ ಮೈಕ್ ಕೊಂಡರೂ ಅದು ಈ ಗುಂಯ್‌ಗುಡುವಿಕೆಯನ್ನೇ ಇನ್ನಷ್ಟು ಸ್ಪಷ್ಟವಾಗಿ ಹಿಡಿಯುತ್ತದೆ.

ಜೋರಾಗಿ ಒಂದು ಚಪ್ಪಾಳೆ ತಟ್ಟಿ ನೋಡಿ. ಬೆನ್ನಿಗೇ "ಟರ್‌ರ್" ಎಂಬ ನಡುಗು ಕೇಳಿದರೆ ಎದುರುಬದುರಿನ ಬೋಳು ಗೋಡೆಗಳ ನಡುವೆ ದನಿ ಓಡಾಡುತ್ತಿದೆ ಎಂದರ್ಥ.

ಕೋಣೆಯ ದನಿಯನ್ನು ಅಳೆಯುವ ಶಾಸ್ತ್ರ ಶುರುವಾದದ್ದು ಕುರ್ಚಿಯ ಮೆತ್ತೆಗಳಿಂದ! 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸ ಕೊಠಡಿಯೊಂದರಲ್ಲಿ ದನಿ ಅಡಗಲು 5.5 ಸೆಕೆಂಡು ಹಿಡಿಯುತ್ತಿತ್ತು, ಪಾಠ ಯಾರಿಗೂ ತಿಳಿಯುತ್ತಿರಲಿಲ್ಲ. ತರುಣ ಅಧ್ಯಾಪಕ ವ್ಯಾಲೇಸ್ ಸಬೀನ್ ಬೇರೊಂದು ಸಭಾಂಗಣದ ಮೆತ್ತೆಗಳನ್ನು ತರಿಸಿ ಒಂದೊಂದಾಗಿ ಇಡುತ್ತಾ, ಆರ್ಗನ್ ಪೈಪಿನ ದನಿ ಎಷ್ಟು ಹೊತ್ತಿಗೆ ಅಡಗುತ್ತದೆಂದು ಅಳೆದರು. ಅದೂ ನಡುರಾತ್ರಿ ಕಳೆದ ಮೇಲೆ, ಏಕೆಂದರೆ ಹಗಲಲ್ಲಿ ಬೀದಿಯ ಗಲಾಟೆ. ಬಿಜೈಯ ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದ ಆಸುಪಾಸಿನ ಗಾಯಕರೂ ಇದೇ ಹೊತ್ತನ್ನು ಆರಿಸಿಕೊಳ್ಳುವುದು ಲೇಸು.

10 ಅಡಿ ಅಗಲದ ಕೋಣೆಗೆ ತನ್ನದೇ ಸ್ವರವಿದೆ: ಸುಮಾರು 57 ಹರ್ಟ್ಸ್. ಗೋಡೆಯ ಬಳಿ ಅದು ಉಬ್ಬುತ್ತದೆ, ನಟ್ಟನಡುವೆ ಸೊರಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಅಳತೆಯಾದರೆ ತೊಂದರೆ ಮೂರು ಪಟ್ಟು.

ಮೊಟ್ಟೆಯ ಟ್ರೇ ಅಂಟಿಸಿದರೆ ಸ್ಟುಡಿಯೋ ಆಗುವುದಿಲ್ಲ! ತೆಳು ಫೋಮ್ ಕೂಡ ಹೀರುವುದು ತಾರಸ್ವರಗಳನ್ನು ಮಾತ್ರ. 100 ಹರ್ಟ್ಸ್‌ನ ಅಲೆ 3.5 ಮೀಟರ್ ಉದ್ದ, ಒಂದಿಂಚಿನ ಫೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹೊರಗಿನ ಹಾರ್ನ್ ತಡೆಯಲು ಫೋಮ್ ಸಾಲದು, ಭಾರವಾದ ಬಾಗಿಲು ಮತ್ತು ಸಂದು ಮುಚ್ಚಿದ ಕಿಟಕಿ ಬೇಕು.

ಹಳೆಯ ಹಂಚಿನ ಮನೆಗೆ ಇಲ್ಲೊಂದು ಅನುಕೂಲವಿದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ತುಂಬ ಹರಡಿದ ಆ ಮಾಡು ಇಳಿಜಾರು. ಮುಚ್ಚಿಗೆಯಿಲ್ಲದ ಕೋಣೆಯಲ್ಲಿ ಅದು ನೆಲಕ್ಕೆ ಸಮಾನಾಂತರವಲ್ಲ, ದನಿ ಮೇಲೆ ಕೆಳಗೆ ಪುಟಿಯುವುದಿಲ್ಲ. ಜೂನ್ ತಿಂಗಳ ಮಳೆ ಹೊಡೆಯುವಾಗ ಮಾತ್ರ ರೆಕಾರ್ಡಿಂಗ್ ಬಂದ್!

ಮನೆಯಲ್ಲಿರುವ ಅತ್ಯುತ್ತಮ ಸಾಧನ ಬಟ್ಟೆಯ ಕಪಾಟು. ಹಾಡುವವರು ಬಾಗಿಲು ತೆರೆದ ಕಪಾಟಿಗೆ ಬೆನ್ನು ಹಾಕಿ ನಿಲ್ಲಲಿ. ಹೆಚ್ಚಿನ ಮೈಕ್‌ಗಳು ಎದುರಿನದನ್ನೇ ಆಲಿಸುವುದರಿಂದ ಗಾಯಕರ ಬೆನ್ನ ಹಿಂದೆ ಏನಿದೆ ಎನ್ನುವುದೇ ಮುಖ್ಯ. ಬಾಯಿಂದ ಮೈಕ್ ಒಂದು ಗೇಣು ದೂರವಿದ್ದರೆ ಸಾಕು. ದೂರ ಇಮ್ಮಡಿಯಾದರೆ ಕಂಠ 6 ಡೆಸಿಬಲ್ ಇಳಿಯುತ್ತದೆ, ಕೋಣೆಯ ಸದ್ದು ಇದ್ದಷ್ಟೇ ಇರುತ್ತದೆ.

ಗೋಡೆಗೆ ದಪ್ಪ ಕಂಬಳಿ ತೂಗುಹಾಕುವವರು ನಡುವೆ ನಾಲ್ಕು ಇಂಚು ಜಾಗ ಬಿಡಿ. ತಗ್ಗಿನ ಸ್ವರಗಳೂ ಹೆಚ್ಚು ಹೀರಲ್ಪಡುತ್ತವೆ, ಮಳೆಗಾಲದಲ್ಲಿ ಗಾಳಿಯಾಡಿ ಬೂಸ್ಟೂ ಕಡಿಮೆ.