ಬಚ್ಚಲೊಲೆಗೆ ಬಿಸಿಲಿನ ನೆರವು

ತೆಂಗಿನ ಗರಿ, ಅಡಿಕೆ ಸೋಗೆ, ತೊಗರಿ ಕಟ್ಟಿಗೆ ಹೀಗೆ ಕೈಗೆ ಸಿಕ್ಕಿದ್ದೆಲ್ಲ ಬೆಳಗಾದರೆ ಹಂಡೆಯ ಅಡಿ ಸೇರುತ್ತದೆ. ಬೂದಿಯನ್ನು ತೋಟಕ್ಕೇ ಹಾಕುತ್ತೇವಲ್ಲ ಎನ್ನುತ್ತೀರಿ. ನಿಜ, ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದೆ. ಆದರೆ ಸಾರಜನಕವೂ ಸಾವಯವ ಅಂಶವೂ ಹೊಗೆಯೊಡನೆ ಹೋಗುತ್ತವೆ. ಬೇಸಾಯಶಾಸ್ತ್ರದವನಾದ ನಾನು ಬಿಸಿನೀರಿನ ವಿಷಯ ಎತ್ತಿಕೊಳ್ಳಲು ಇದೇ ಕಾರಣ.

ಲೆಕ್ಕ ನೋಡಿ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು 4,000 ಕಿಲೊಕ್ಯಾಲೊರಿ ಶಾಖ ಬೇಕು. ಒಂದು ಕಿಲೊ ಒಣಸೌದೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಶಾಖವಿದೆ. ಒಲೆಯಲ್ಲಿ ಅದರ ಹತ್ತರಲ್ಲೊಂದು ಪಾಲು ಮಾತ್ರ ನೀರಿಗೆ ಸೇರಿದರೆ 10 ಕಿಲೊ ಸೌದೆ ಬೇಕಾಯಿತು. ಒಳ್ಳೆಯ ಬಿಸಿಲಿನ ದಿನ ಇಷ್ಟೇ ಕೆಲಸವನ್ನು ಸುಮಾರು 2 ಚದರ ಮೀಟರಿನ ಸೌರ ಫಲಕ ಮಾಡುತ್ತದೆ.

ಫಲಕವೆಂದರೆ ಗಾಜು ಮುಚ್ಚಿದ ಪೆಟ್ಟಿಗೆ. ಒಳಗೆ ಕಪ್ಪು ಲೇಪನದ ತಗಡು, ಅದಕ್ಕೆ ಬೆಸೆದ ತಾಮ್ರದ ಕೊಳವೆಗಳು. ಕೊಳವೆಯಲ್ಲಿ ಕಾದ ನೀರು ಹಗುರಾಗಿ ಮೇಲೇರಿ ಟ್ಯಾಂಕು ಸೇರುತ್ತದೆ; ಟ್ಯಾಂಕಿನ ತಳದ ತಣ್ಣೀರು ಭಾರದಿಂದ ಫಲಕದ ಕೆಳತುದಿಗೆ ಇಳಿಯುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಟ್ಯಾಂಕಿಗೆ ಹೊದಿಸಿದ ಶಾಖನಿರೋಧಕ ಪದರ ಬೆಳಗಿನವರೆಗೆ ಬಿಸಿ ಕಾಯುತ್ತದೆ.

ಆದ್ದರಿಂದಲೇ ಟ್ಯಾಂಕಿನ ತಳ ಫಲಕದ ಮೇಲಂಚಿಗಿಂತ ಒಂದು ಅಡಿಯಾದರೂ ಎತ್ತರದಲ್ಲಿರಬೇಕು. ನಮ್ಮ ಮನೆಯಲ್ಲಿ ಕೂರಿಸಿದವನು ಅಂದ ನೋಡಿ ಅದನ್ನು ತಗ್ಗಿಸಿಬಿಟ್ಟಿದ್ದ. ಸಂಜೆ ಸುಡುತ್ತಿದ್ದ ನೀರು ಬೆಳಿಗ್ಗೆ ಉಗುರುಬೆಚ್ಚಗೆ! ರಾತ್ರಿ ತಣಿದ ಫಲಕದ ಕಡೆಗೆ ಬಿಸಿನೀರು ಹಿಮ್ಮುಖವಾಗಿ ಹರಿಯುತ್ತಿತ್ತು. ಇದು ನನಗೆ ಹೊಳೆಯಲು ಒಂದು ಚಳಿಗಾಲವೇ ಹಿಡಿಯಿತು. ಸ್ಟ್ಯಾಂಡ್ ಎತ್ತರಿಸಿದ ಮೇಲೆ ಸರಿಹೋಯಿತು.

ಫಲಕ ದಕ್ಷಿಣಕ್ಕೆ ಮುಖಮಾಡಿರಲಿ, ತೆಂಗಿನ ನೆರಳು ಬೀಳದಿರಲಿ. ಇದಕ್ಕಿಂತ ದೊಡ್ಡ ತೊಡಕು ಕೊಳವೆಬಾವಿಯ ಗಡಸು ನೀರು. ನಿಮ್ಮ ಹಂಡೆಯ ಒಳಮೈಗೆ ಬಿಳಿ ಚಕ್ಕೆ ಕಟ್ಟುತ್ತಿದೆಯೇ? ಹಾಗಾದರೆ ಅದೇ ಸುಣ್ಣ ತಾಮ್ರದ ಸಣ್ಣ ಕೊಳವೆಗಳನ್ನೂ ಕಟ್ಟಿಬಿಡುತ್ತದೆ. ಅಂಥಲ್ಲಿ ಅಗಲ ಬಾಯಿಯ ನಿರ್ವಾತ ಗಾಜಿನ ಕೊಳವೆಗಳ ಮಾದರಿ ಮೇಲು, ತೊಳೆಯುವುದು ಸುಲಭ. ಆದರೆ ಅವು ಬರಿದಾಗಿ ಬಿಸಿಲಿಗೆ ಕಾದಿರುವಾಗ ತಣ್ಣೀರು ಬಿಟ್ಟರೆ ಗಾಜು ಒಡೆಯುತ್ತದೆ. ಬೆಳಿಗ್ಗೆ ಹೊತ್ತೇರುವ ಮೊದಲೇ ತುಂಬಿಸಿರಿ.

ಮಲೆನಾಡಿನವರು ಮಾತ್ರ ಹಂಡೆ ಕೀಳಬೇಡಿ. ಆಷಾಢ, ಶ್ರಾವಣದ ಮೋಡದಲ್ಲಿ ಒಲೆ ಹಚ್ಚಲೇಬೇಕಾಗುತ್ತದೆ. ಆ ದಿನಗಳಿಗೆ ಸಾಲುವಷ್ಟು ಸೌದೆ ಒಣಗಿಸಿಟ್ಟು, ಉಳಿದ ಗರಿ ಸೋಗೆಯನ್ನು ಮರದ ಬುಡಕ್ಕೆ ಹರಡಿರಿ.