ಅವಸರವಿಲ್ಲದ ಒಲವಿನ ಪಾಠ

ಹದಿಹರೆಯದವರಿಗಾಗಿ ಬರೆದ ಇಂಗ್ಲಿಷಿನ ಅದ್ಭುತರಮ್ಯ ಕಾದಂಬರಿಗಳು ಇಂದು ನಮ್ಮ ಮನೆಗಳನ್ನೂ ಪ್ರವೇಶಿಸಿವೆ. ಮಂತ್ರ, ಯುದ್ಧ, ಸಿಂಹಾಸನಗಳ ನಡುವೆ ಅವುಗಳಲ್ಲಿ ಪ್ರೇಮಕಥೆಯೊಂದು ಬಹು ನಿಧಾನವಾಗಿ ಸಾಗುತ್ತಿರುತ್ತದೆ. ಲೀ ಬಾರ್ಡುಗೊ ಅವರ ‘ಸಿಕ್ಸ್ ಆಫ್ ಕ್ರೋಸ್’ (2015) ಕಥೆಯ ನಾಯಕ ಕೈಗವಸು ಕಳಚಿ ನಾಯಕಿಯ ಕೈ ಹಿಡಿಯಬೇಕಾದರೆ ಓದುಗರು ಮರುವರ್ಷ ಬಂದ ಎರಡನೆಯ ಸಂಪುಟದ ಕೊನೆಯವರೆಗೂ ಕಾಯಬೇಕು. ಪಠ್ಯ ಬಿಟ್ಟು ಪ್ರೇಮ ಓದುತ್ತಾರಲ್ಲ ಎಂದು ಹೆತ್ತವರು ಹುಬ್ಬು ಗಂಟಿಕ್ಕುವುದುಂಟು.

ಈ ಆತಂಕಕ್ಕೆ ಉತ್ತರ ಹುಡುಕಲು ಹಾವೇರಿ ಜಿಲ್ಲೆಯ ಗಡಿ ದಾಟಬೇಕಿಲ್ಲ. ಬಾಡದಲ್ಲಿ ಜನಿಸಿ, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನನ್ನು ಅಂಕಿತವಾಗಿಸಿಕೊಂಡ ಕನಕದಾಸರು ಎರಡು ಬಗೆಯ ಪ್ರೇಮಕಥೆಗಳನ್ನು ಹೇಳಿದ್ದಾರೆ. ಸಾಂಗತ್ಯದಲ್ಲಿರುವ ‘ಮೋಹನತರಂಗಿಣಿ’ಯ ಉಷೆ ಅನಿರುದ್ಧನನ್ನು ಕನಸಿನಲ್ಲಿ ಕಂಡೊಡನೆ ಮನಸೋಲುತ್ತಾಳೆ. ಭಾಮಿನಿ ಷಟ್ಪದಿಯ ‘ನಳಚರಿತ್ರೆ’ಯ ಹಾದಿಯೇ ಬೇರೆ. ಅಲ್ಲಿ ಒಲವು ಹೆಜ್ಜೆಹೆಜ್ಜೆಗೂ ಪರೀಕ್ಷೆಗೆ ಒಳಗಾಗುತ್ತದೆ.

ಹಂಸದ ಮಾತಿನಿಂದ ಮೊಳೆತ ಪ್ರೀತಿಯದು. ಆದರೆ ನಳ ದಮಯಂತಿಯನ್ನು ಮೊದಲು ಕಾಣುವುದು ದೇವತೆಗಳ ದೂತನಾಗಿ. ತನ್ನ ಆಸೆಯನ್ನು ನುಂಗಿಕೊಂಡು ಇತರರ ಪರವಾಗಿ ಮಾತನಾಡಬೇಕಾದ ಸಂಕಟ ಅವನದು. ಸ್ವಯಂವರದಲ್ಲಿ ನಳನ ರೂಪವನ್ನೇ ಧರಿಸಿದ ದೇವತೆಗಳು ಎದುರಾದಾಗಲೂ ಆಯ್ಕೆ ದಮಯಂತಿಯದೇ.

ಇಂದಿನ ಹಲವು ಕಾದಂಬರಿಗಳು ಮಿಲನದಲ್ಲಿ ಮುಗಿಯುತ್ತವೆ. ನಳನ ಕಥೆಯಲ್ಲಿ ನಿಜವಾದ ಕಾಯುವಿಕೆ ಆರಂಭವಾಗುವುದೇ ಮದುವೆಯ ಬಳಿಕ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ, ಕಾಡಿನಲ್ಲಿ ಮಲಗಿದ್ದ ಮಡದಿಯನ್ನು ತೊರೆದು ಹೋಗುತ್ತಾನೆ. ಕಾರ್ಕೋಟಕನ ಕಡಿತದಿಂದ ರೂಪಗೆಟ್ಟು, ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಆಶ್ರಯ ಪಡೆಯುತ್ತಾನೆ. ದಮಯಂತಿಯಾದರೋ ಕಣ್ಣೀರು ಸುರಿಸುತ್ತ ಕೂರುವವಳಲ್ಲ. ದೂತರನ್ನು ಅಟ್ಟುತ್ತಾಳೆ, ಮರುಸ್ವಯಂವರದ ಸುದ್ದಿ ಹರಡಿ ಗಂಡನನ್ನು ತನ್ನಲ್ಲಿಗೆ ಬರಮಾಡಿಕೊಳ್ಳುತ್ತಾಳೆ, ಪರೀಕ್ಷಿಸಿಯೇ ಸ್ವೀಕರಿಸುತ್ತಾಳೆ.

ಇಲ್ಲಿರುವ ವಿವೇಕವನ್ನು ಮಕ್ಕಳಿಗೆ ತಿಳಿಸಿಕೊಡಬೇಕಾದ ಅಗತ್ಯ ಇಂದು ಹೆಚ್ಚಾಗಿದೆ. ಒಲ್ಲೆನೆಂದ ಹುಡುಗಿಯನ್ನು ಬಿಡದೆ ಹಿಂಬಾಲಿಸಿದರೆ ಒಂದು ದಿನ ಒಲಿದಾಳೆಂದು ನಮ್ಮ ಎಷ್ಟೋ ಚಲನಚಿತ್ರಗಳು ಹೇಳಿಕೊಟ್ಟಿವೆ. ಕಾಯುವುದಕ್ಕೂ ಕಾಡುವುದಕ್ಕೂ ಇರುವ ಅಂತರ ಅವುಗಳಲ್ಲಿ ಅಳಿಸಿಹೋಗಿದೆ. ನಿಧಾನವಾಗಿ ಬೆಳೆಯುವ ಪ್ರೇಮದ ಕಥೆ, ಒಳ್ಳೆಯದಾಗಿದ್ದರೆ, ಆ ಅಂತರವನ್ನು ಕಾಣಿಸುತ್ತದೆ. ಎದುರಿರುವವರ ಮನಸ್ಸು ಅವರದೇ ಎಂಬ ಎಚ್ಚರವನ್ನು ಅದು ಉಪದೇಶವಿಲ್ಲದೆ ಮೂಡಿಸುತ್ತದೆ.

2023ರ ಜನವರಿಯಲ್ಲಿ ಹಾವೇರಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಆತಿಥ್ಯ ನೀಡಿತು. ಪೆಂಡಾಲು ಕಳಚಿದ ಮೇಲೂ ಉಳಿಯಬೇಕಾದ ಕೆಲಸವೊಂದಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಗ್ರಂಥಾಲಯಗಳಲ್ಲಿ, ಶಾಲೆಗಳಲ್ಲಿ ಹದಿನಾಲ್ಕು ಹದಿನೈದರ ಮಕ್ಕಳು ತಾವಾಗಿಯೇ ಕೈಗೆತ್ತಿಕೊಳ್ಳುವಂಥ ಸರಳ ಗದ್ಯದ, ಸಚಿತ್ರ ‘ನಳಚರಿತ್ರೆ’ ಇರಲಿ. ಅದರ ಪಕ್ಕದಲ್ಲೇ ಬಾರ್ಡುಗೊ ಕೂಡ ಇರಲಿ. ಪ್ರೇಮದ ಪುಸ್ತಕವನ್ನು ಮಕ್ಕಳ ಕೈಯಿಂದ ಕಸಿದುಕೊಳ್ಳುವ ಬದಲು, ಅದರ ಜತೆಗೆ ಇನ್ನೊಂದನ್ನು ಇಡುವುದು ಜಾಣತನವಲ್ಲವೇ?