ಮಂಗಳೂರಿನ ಮಧ್ಯಾಹ್ನ ಅರ್ಧ ಗಂಟೆ ಲೇಟು!

ಹಂಪನಕಟ್ಟೆಯಲ್ಲಿ ನಿಂತು ವಾಚು ನೋಡಿ. ಹನ್ನೆರಡು ಹೊಡೆದಿದೆ. ತಲೆ ಎತ್ತಿ ನೋಡಿ. ಸೂರ್ಯ ಇನ್ನೂ ಪೂರ್ವಕ್ಕೇ ವಾಲಿದ್ದಾನೆ ಮಾರಾಯ್ರೆ! ವಾಚೂ ಸರಿ, ಸೂರ್ಯನೂ ಸರಿ. ಊರು ಮಾತ್ರ ಪಶ್ಚಿಮಕ್ಕಿದೆ, ಅಷ್ಟೆ.

ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ. ಅಂದರೆ ಒಂದು ಡಿಗ್ರಿಗೆ 4 ನಿಮಿಷ. 1906ರಲ್ಲಿ ಜಾರಿಗೆ ಬಂದ ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಆ ರೇಖೆ ಹಾದುಹೋಗುವುದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ. ಮಂಗಳೂರು ಇರುವುದು ಸುಮಾರು 74.85ರಲ್ಲಿ. ಕಳೆದು ನಾಲ್ಕರಿಂದ ಗುಣಿಸಿ: ಮೂವತ್ತು ನಿಮಿಷ, ಮೇಲೊಂದಿಷ್ಟು ಸೆಕೆಂಡು.

ಶಾಲೆಯ ಭೂಗೋಳ ಅಂತ ಪುಟ ತಿರುಗಿಸಬೇಡಿ. ಬೆಂಗಳೂರಿಗೂ ನಮಗೂ ಅಕ್ಷಾಂಶ ಹೆಚ್ಚುಕಮ್ಮಿ ಒಂದೇ, ಸುಮಾರು 13 ಡಿಗ್ರಿ. ರೇಖಾಂಶದ ಅಂತರ ಪೌಣೇ ಮೂರು ಡಿಗ್ರಿ. ಹಾಗಾಗಿ ವರ್ಷವಿಡೀ ಅಲ್ಲಿ ಸೂರ್ಯ ಮುಳುಗಿ 11 ನಿಮಿಷವಾದ ಮೇಲೆ ಇಲ್ಲಿ ಮುಳುಗುವುದು. ರಂಜಾನ್ ಉಪವಾಸದವರು ಬೆಂಗಳೂರಿನ ವೇಳಾಪಟ್ಟಿ ನೋಡಿ ಖರ್ಜೂರ ಬಾಯಿಗಿಟ್ಟರೆ ಇಲ್ಲಿ ಹಗಲು ಇನ್ನೂ ಮುಗಿದಿರುವುದಿಲ್ಲ. ದಿನವಿಡೀ ಹಸಿದದ್ದು ಏನಾಯ್ತು, ಹೇಳಿ?

ಗೋಡೆ ಕ್ಯಾಲೆಂಡರಿನ ರಾಹುಕಾಲದ ಕತೆಯೂ ಅದೇ. ಸೋಮವಾರ ಏಳೂವರೆಯಿಂದ ಒಂಬತ್ತು ಅಂತ ಬರೆಯುವುದು ಆರಕ್ಕೆ ಸೂರ್ಯೋದಯ, ಆರಕ್ಕೆ ಅಸ್ತ ಎಂದು ಹಿಡಿದು, ಹಗಲನ್ನು ಎಂಟು ಪಾಲು ಮಾಡಿ. ಮಾರ್ಚ್ 20ರ ಸುಮಾರಿಗೆ ನಮ್ಮಲ್ಲಿ ಸೂರ್ಯ ಹುಟ್ಟುವುದೇ ಆರೂವರೆ ದಾಟಿದ ಮೇಲೆ. ಆಗ ಲೆಕ್ಕದ ರಾಹು ಬರುವುದು ಎಂಟು ಗಂಟೆ ಕಳೆದು! ರಾಹುವನ್ನು ನಂಬುವುದು ಬಿಡುವುದು ನಿಮ್ಮಿಷ್ಟ. ನಂಬುವವರಾದರೂ ಊರಿನ ಲೆಕ್ಕ ಹಿಡಿಯಬೇಡವೇ? ಜಾತಕ ಬರೆಸುವಾಗ ಜೋಯಿಸರು ಹುಟ್ಟಿದ ಹೊತ್ತಿನ ಜೊತೆ ಹುಟ್ಟಿದ ಊರನ್ನೂ ಕೇಳುವುದು ಇದಕ್ಕೇ.

ನೀವೇ ಪರೀಕ್ಷೆ ಮಾಡಬಹುದು. ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ. ನೆರಳು ಅತಿ ಗಿಡ್ಡವಾದ ಗಳಿಗೆಯೇ ಊರಿನ ನಿಜ ಮಧ್ಯಾಹ್ನ. ಆದರೆ ಅದು ದಿನವೂ ಹನ್ನೆರಡೂವರೆಗೇ ಸಿಗುವುದಿಲ್ಲ. ಭೂಮಿ ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ, ಅದರ ಅಕ್ಷವೂ ವಾಲಿದೆ. ಅದರಿಂದ ಫೆಬ್ರವರಿ ನಡುವೆ 12-45ರವರೆಗೆ ಹಿಂದೆ ಬೀಳುತ್ತದೆ, ನವೆಂಬರ್ ಮೊದಲಿಗೆ 12-14ಕ್ಕೇ ಬಂದುಬಿಡುತ್ತದೆ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲೆ. ಅಂದು 12-29ರ ಹೊತ್ತಿಗೆ ಕೋಲಿನ ನೆರಳೇ ಮಾಯ.

ಇದನ್ನೇ ತಿರುಗಿಸಿದರೆ ಇರುವ ಜಾಗವೂ ಸಿಗುತ್ತದೆ. ರಾತ್ರಿ ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಮ್ಮಿ ಅದೇ ಅಕ್ಷಾಂಶ. ನಿಜ ಮಧ್ಯಾಹ್ನಕ್ಕೆ ವಾಚಿನಲ್ಲಿ ಎಷ್ಟು ಗಂಟೆ ಎಂದು ನೋಡಿ, ಆ ದಿನದ ಏರುಪೇರು ಕಳೆದರೆ ರೇಖಾಂಶ. ಹಳೇ ಕಾಲದ ಹಡಗಿನವರು ನಿಖರ ಗಡಿಯಾರಕ್ಕೆ ಜೀವ ಬಿಡುತ್ತಿದ್ದದ್ದು ಸುಮ್ಮನೆ ಅಲ್ಲ. ನಮ್ಮ ಅಕ್ಷಾಂಶದಲ್ಲಿ ಒಂದು ನಿಮಿಷ ತಪ್ಪಿದರೆ ಜಾಗ 27 ಕಿಲೋಮೀಟರ್ ತಪ್ಪುತ್ತದೆ. ಎಂಜಿನ್ ಕೆಟ್ಟ ಬೋಟು ಒಂದು ಕಡೆ, ಹುಡುಕುವವರು ಇನ್ನೊಂದು ಕಡೆ. ಬಂದರಿನ ದಕ್ಕೆಯಿಂದ ಹೊರಡುವ ಬೋಟುಗಳಲ್ಲಿ ಈಗ ಕೋಲೂ ಬೇಡ, ನೆರಳೂ ಬೇಡ. ಜಿಪಿಎಸ್ ಪೆಟ್ಟಿಗೆ ಎರಡು ಅಂಕೆ ತೋರಿಸುತ್ತದೆ. ವೈರ್‌ಲೆಸ್‌ನಲ್ಲಿ ಆ ಎರಡನ್ನೂ ತಪ್ಪದೆ ಓದಿ ಹೇಳಬೇಕು.